ಹಲ್ಲುಗಾಲಿಯ ಮೇಲಿನ ಎರಡು ಗುರುತು

ಪುಣೆ-ಬೆಂಗಳೂರು ರಸ್ತೆ ನಮ್ಮ ಸೀಮೆಯಲ್ಲಿ ಹಾವೇರಿಯನ್ನು ಮುಟ್ಟಿ, ಮೋಟೆಬೆನ್ನೂರಿನ ಬಳಿ ಬ್ಯಾಡಗಿಗೆ ಒಂದು ಕವಲನ್ನು ಬಿಟ್ಟು, ರಾಣೆಬೆನ್ನೂರನ್ನು ಹಾಯ್ದು, ತುಂಗಭದ್ರೆಯನ್ನು ದಾಟಿ ಹರಿಹರಕ್ಕೆ ಹೋಗುತ್ತದೆ. 1956ರ ನವೆಂಬರ್ 1ರ ವರೆಗೆ ಆ ಹೊಳೆಯೇ ಗಡಿ. ಈಚೆ ದಂಡೆ ಮುಂಬಯಿ ರಾಜ್ಯದ್ದು, ಆಚೆ ದಂಡೆ ಮೈಸೂರಿನದು. ಈ ರಸ್ತೆಯ ಮೇಲೆ ಸಾಗಿದ ದಂಡುಗಳ ವಿಷಯ ಚರಿತ್ರೆಯ ಪುಸ್ತಕಗಳಲ್ಲಿದೆ. ಹತ್ತಿಯ ಅಂಡಿಗೆ, ಮೆಣಸಿನಕಾಯಿಯ ಚೀಲಗಳ ವಿಷಯ ಗ್ಯಾಜೆಟಿಯರುಗಳಲ್ಲಿದೆ. ರಸ್ತೆಯ ಬದಿಗೆ ತಗಡಿನ ಚಪ್ಪರದ ಕೆಳಗೆ ಕುಳಿತು ಮೋಟಾರುಗಳನ್ನು ಬಿಚ್ಚಿ ಜೋಡಿಸಿದವರ ವಿಷಯ ಎಲ್ಲಿಯೂ ಇಲ್ಲ. ಅವರ ಚರಿತ್ರೆಯನ್ನು ಬರೆಯಬೇಕೆಂದರೆ ಕಾಗದಪತ್ರಗಳು ಸಿಕ್ಕುವುದಿಲ್ಲ. ಇರುವ ದಾಖಲೆಯೆಂದರೆ ಅವರು ಮುಟ್ಟಿದ ಕಬ್ಬಿಣ ಮಾತ್ರ. ಆ ಕಬ್ಬಿಣವನ್ನು ಓದುವುದಕ್ಕೆ ಒಂದು ಚಿಕ್ಕ ಪ್ರಶ್ನೆ ದಾರಿಯಾದೀತೆಂದು ನನಗೆ ತೋರುತ್ತದೆ: ಹಳೆಯ ಸಣ್ಣ ಕಾರೊಂದಕ್ಕೆ ಸಾವಿರಾರು ರೂಪಾಯಿ ಸುರಿದು ಇಂಜಿನ್ ಕೆಲಸ ಮಾಡಿಸಿದ ಮೇಲೆ, ಮೊದಲು ಇದ್ದಷ್ಟು ಶಕ್ತಿಯೂ ಅದಕ್ಕೆ ಇಲ್ಲದಂತಾಗುವುದು ಏಕೆ?

ಈ ಕಾಯಿಲೆಗೆ ನಮ್ಮ ಕಡೆ ಮೂರು ಹೆಸರುಗಳಿವೆ. ಓದಿದವರು ‘ಪಿಕಪ್ ಇಲ್ಲ’ ಎನ್ನುತ್ತಾರೆ. ಗ್ಯಾರೇಜಿನವರು ‘ಗಾಡಿಗೆ ದಮ್ಮಿಲ್ಲ’ ಎನ್ನುತ್ತಾರೆ. ಗಾಡಿಯ ಮಾಲೀಕರು ‘ಎಳೀವಲ್ದು’ ಎನ್ನುತ್ತಾರೆ. ಯಂತ್ರದ ಅವಯವಗಳ ಹೆಸರುಗಳೆಲ್ಲ ನಮಗೆ ಇಂಗ್ಲಿಷಿನಿಂದ ಬಂದವು. ಯಂತ್ರದ ಬೇನೆಯ ಹೆಸರುಗಳು ಮಾತ್ರ ಎತ್ತಿನಿಂದ ಬಂದವು. ಎತ್ತು ಎಳೆಯಲೊಲ್ಲದು, ಎತ್ತಿಗೆ ದಮ್ಮು ಹತ್ತುತ್ತದೆ. ಹೊಸ ಪದಾರ್ಥವನ್ನು ಹಳೆಯ ಅನುಭವದಿಂದ ಅಳೆಯುವುದು ಭಾಷೆಯ ಸ್ವಭಾವ.

ಇನ್ನೊಂದು ಶಬ್ದದ ಕಥೆ ಇದಕ್ಕಿಂತ ಸ್ವಾರಸ್ಯದ್ದು. ಪೆಟ್ರೋಲು ಉರಿಯುವ ಕಿಡಿಯನ್ನು ನಾಲ್ಕು ಸಿಲಿಂಡರುಗಳಿಗೆ ಸರದಿಯಂತೆ ಹಂಚುವ ಡಿಸ್ಟ್ರಿಬ್ಯೂಟರಿಗೆ ಹಳೆಯ ಮಿಸ್ತ್ರಿಗಳು ‘ಡೆಲ್ಕೊ’ ಎನ್ನುತ್ತಾರೆ. ಅಮೆರಿಕದ ಡೇಟನ್ ಪಟ್ಟಣದಲ್ಲಿ ಕೆಟರಿಂಗ್ ಮತ್ತು ಡೀಡ್ಸ್ ಎಂಬಿಬ್ಬರು 1909ರಲ್ಲಿ ಆರಂಭಿಸಿದ ಪ್ರಯೋಗಶಾಲೆಯ ಹೆಸರಿನ ಮೊದಲಕ್ಷರಗಳು ಅವು. ಮುಂದೆ ಅದು ಜನರಲ್ ಮೋಟರ್ಸ್ ಸಂಸ್ಥೆಯ ಪಾಲಾಯಿತು. ಆ ಸಂಸ್ಥೆ 1928ರಲ್ಲಿ ಮುಂಬಯಿಯ ಶಿವಡಿಯಲ್ಲಿ ಕಾರು ಜೋಡಿಸುವ ಕಾರ್ಖಾನೆಯನ್ನು ತೆರೆಯಿತು. ಶಬ್ದ ನಮ್ಮ ರಸ್ತೆಯ ಗ್ಯಾರೇಜುಗಳಿಗೆ ಬಂದದ್ದು ಆ ಶೆವ್ರೊಲೆ ಗಾಡಿಗಳ ಬೆನ್ನು ಹತ್ತಿಯೇ ಇರಬೇಕು. 1953ರಲ್ಲಿ ತೆರಿಗೆ ಆಯೋಗದ ವರದಿಯ ಮೇಲೆ, ಬಿಡಿಭಾಗಗಳನ್ನು ಇಲ್ಲಿಯೇ ತಯಾರಿಸುವ ಯೋಜನೆ ಇಲ್ಲದೆ ಬರೀ ಜೋಡಣೆ ಮಾಡುವ ಕಂಪನಿಗಳಿಗೆ ಇಲ್ಲಿ ಎಡೆಯಿಲ್ಲವೆಂದು ಸರಕಾರ ನಿರ್ಧರಿಸಿತು. ಜನರಲ್ ಮೋಟರ್ಸ್ ಹೊರಟುಹೋಯಿತು, ಫೋರ್ಡ್ ಕೂಡ ಹೊರಟುಹೋಯಿತು. ‘ಡೆಲ್ಕೊ’ ಮಾತ್ರ ಇಟಲಿಯ ಫಿಯಟ್ಟಿಗೂ ಇಂಗ್ಲೆಂಡಿನ ಮೋರಿಸ್ಸಿಗೂ ಅಂಟಿಕೊಂಡು ಉಳಿಯಿತು.

ಆ ನಿರ್ಧಾರದ ಮೇಲೆ ಉಳಿದವರು ಮುಖ್ಯವಾಗಿ ಮೂವರು: ಕಲ್ಕತ್ತೆಯ ಬಳಿ ಉತ್ತರಪಾಡಾದಲ್ಲಿ ಹಿಂದುಸ್ತಾನ್ ಮೋಟರ್ಸ್, ಮದರಾಸಿನಲ್ಲಿ ಸ್ಟ್ಯಾಂಡರ್ಡ್, ಮುಂಬಯಿಯ ಕುರ್ಲಾದಲ್ಲಿ ವಾಲಚಂದ ಹಿರಾಚಂದರು 1944ರಲ್ಲಿ ಸ್ಥಾಪಿಸಿದ ಪ್ರೀಮಿಯರ್. ಪ್ರೀಮಿಯರಿನ ಫಿಯಟ್ 1100 ಇಲ್ಲಿ 1954ರಲ್ಲಿ ಬಂತು. 1964ರಲ್ಲಿ ಅದರ ಹೊಸ ಮೈಕಟ್ಟು ಬಂತು. 1972ರಲ್ಲಿ ‘ಪ್ರೆಸಿಡೆಂಟ್’ ಎಂದೂ 1974ರಲ್ಲಿ ‘ಪದ್ಮಿನಿ’ ಎಂದೂ ಹೆಸರು ಬದಲಾಯಿತು. ಹೆಸರು ಬದಲಾದರೂ ಒಡಲಿನ ಇಂಜಿನು ಅದೇ 1089 ಘನ ಸೆಂಟಿಮೀಟರಿನದು, ಸುಮಾರು 40 ಅಶ್ವಶಕ್ತಿಯದು. ಜನ ಕೊನೆಯವರೆಗೂ ಅದನ್ನು ಫಿಯಟ್ ಎಂದೇ ಕರೆದರು. ಈ ಬರಹದಲ್ಲಿಯೂ ಹಾಗೆಯೇ ಕರೆಯುತ್ತೇನೆ.

ಹಣವಿದ್ದವನಿಗೆ ಕಾರು ಸಿಕ್ಕೀತೆಂಬ ನಿಯಮ ಆ ಕಾಲಕ್ಕೆ ಇರಲಿಲ್ಲ. ಕಾರ್ಖಾನೆ ಎಷ್ಟು ಕಾರು ಮಾಡಬೇಕೆಂಬುದು ಲೈಸೆನ್ಸಿನಲ್ಲಿ ಬರೆದಿತ್ತು. ಹೊಸ ಕಾರುಗಳ ಹಂಚಿಕೆ ಮತ್ತು ಮಾರಾಟಕ್ಕೆ 1959ರಲ್ಲಿ ಒಂದು ನಿಯಂತ್ರಣಾಜ್ಞೆಯೇ ಬಂತು. ಹೆಸರು ಹಚ್ಚಿ ವರ್ಷಗಟ್ಟಲೆ ಕಾಯಬೇಕು. ಅಗ್ಗದ ಸಣ್ಣ ಕಾರೊಂದು ಬೇಕೆಂದು ಸಮಿತಿಗಳು ಕುಳಿತವು, ಎದ್ದವು; ಮಾರುತಿ 800 ಮೊದಲ ಗಿರಾಕಿಯ ಕೈಗೆ ಬಂದದ್ದು 1983ರ ಡಿಸೆಂಬರ್ 14ರಂದು. ಈ ಮೂವತ್ತು ವರ್ಷಗಳ ಅವಧಿಯಲ್ಲಿ ಕಾರು ಕೊಂಡವನು ಅದನ್ನು ಹೊಲದಂತೆ, ಮನೆಯಂತೆ ಇಟ್ಟುಕೊಂಡ. ಇಂಜಿನು ಸವೆದರೆ ಕಾರನ್ನು ಬದಲಿಸುವ ಮಾತಿಲ್ಲ, ಇಂಜಿನನ್ನು ಬದಲಿಸುವ ಮಾತೂ ಇಲ್ಲ. ಬಿಚ್ಚಬೇಕು, ಕೊರೆಸಬೇಕು, ಮತ್ತೆ ಜೋಡಿಸಬೇಕು. ಕೊರತೆಯ ಆರ್ಥಿಕ ನೀತಿಯನ್ನು ಇಂದು ಹಳಿಯುವವರು ಬಹಳ. ಹಳಿಯಲಿ. ಆದರೆ ಒಂದು ಯಂತ್ರವನ್ನು ನಾಲ್ಕು ಸಲ ಬಿಚ್ಚಿ ನಾಲ್ಕು ಸಲ ಬದುಕಿಸುವ ಕೈಗಳನ್ನು ಹಾವೇರಿ, ರಾಣೆಬೆನ್ನೂರಿನಂಥ ತಾಲೂಕು ಸ್ಥಳಗಳಲ್ಲಿ ತಯಾರಿಸಿದ್ದು ಆ ನೀತಿಯೇ ಎಂಬುದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಆ ಕೈಗಳಿಗೆ ಲೇತು ಬೇಕಾಗಿತ್ತು. ಹೊಳೆಯಾಚೆ ಹರಿಹರದಲ್ಲಿ 1941ರಲ್ಲಿ ಸ್ಥಾಪನೆಯಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಲೇತುಗಳನ್ನೇ ತಯಾರಿಸುತ್ತಿತ್ತು. ನೇಗಿಲಿನ ಕಾರ್ಖಾನೆಯಿಂದ ಹೆಸರಾದ ಮನೆತನ ಲೇತಿಗೆ ಕೈಹಾಕಿದ್ದರಿಂದ ನಮ್ಮ ಭಾಗದಲ್ಲಿ ತಿರುಗಣಿ ಕೆಲಸ ಬಲ್ಲವರ ಒಂದು ತಲೆಮಾರೇ ಬೆಳೆಯಿತು.

ಇನ್ನು ಲೆಕ್ಕಕ್ಕೆ ಬರೋಣ. ಫಿಯಟ್ಟಿನ ಸಿಲಿಂಡರಿನ ಒಳ ಅಗಲ 68 ಮಿಲಿಮೀಟರು, ಪಿಸ್ಟನ್ನು ಮೇಲೆ ಕೆಳಗೆ ಆಡುವ ದೂರ 75 ಮಿಲಿಮೀಟರು. ಸವೆದ ಸಿಲಿಂಡರನ್ನು ಕೊರೆಸಿ 69 ಮಿಲಿಮೀಟರು ಮಾಡಿ ದೊಡ್ಡ ಪಿಸ್ಟನ್ನು ಹಾಕಿದರೆ ಇಂಜಿನಿನ ಒಟ್ಟು ಗಾತ್ರ 1089ರಿಂದ ಸುಮಾರು 1122 ಘನ ಸೆಂಟಿಮೀಟರಿಗೆ ಏರುತ್ತದೆ. ಅಂದರೆ ನೂರಕ್ಕೆ ಮೂರು ಪಾಲು ಹೆಚ್ಚು. ಹೊಸ ಪಿಸ್ಟನ್ನು, ಹೊಸ ರಿಂಗು, ತಿಕ್ಕಿ ಕೂರಿಸಿದ ವಾಲ್ವುಗಳು, ಮೇಲೆ ಈ ಮೂರು ಪಾಲು. ಶಕ್ತಿ ಹೆಚ್ಚಬೇಕೇ ಹೊರತು ಕುಗ್ಗಬಾರದು. ಕುಗ್ಗಿತೆಂದರೆ ಮಾಲೀಕನ ಕಣ್ಣು ಮೊದಲು ಹೋಗುವುದು ಕೊರೆದವನ ಮೇಲೆ. ಹೆಚ್ಚು ದುಡ್ಡು ಎಲ್ಲಿ ಹೋಯಿತೋ ತಪ್ಪೂ ಅಲ್ಲಿಯೇ ಇರಬೇಕೆಂಬುದು ಮನುಷ್ಯನ ತರ್ಕ. ಯಂತ್ರಕ್ಕೆ ಆ ತರ್ಕ ತಿಳಿಯದು.

ಬ್ಯಾಡಗಿಯಲ್ಲಿ ಮೆಣಸಿನಕಾಯಿ ವ್ಯಾಪಾರದ ಮನೆಯೊಂದು ನನಗೆ ಪರಿಚಿತ. ಅವರ ತಂದೆಯವರು 1978ರಲ್ಲಿ ತಂದ ಪದ್ಮಿನಿ ಇಂದಿಗೂ ಆ ಮನೆಯ ಪಡಸಾಲೆಯ ಪಕ್ಕದಲ್ಲಿ ನಿಂತಿದೆ. ಎರಡು ವರ್ಷದ ಕೆಳಗೆ ಅದಕ್ಕೆ ಎರಡನೆಯ ಸಲ ಬೋರು ಕೊರೆಸಿದರು. ಬಂದ ಮೇಲೆ ಅದು ಸಪಾಟು ರಸ್ತೆಯಲ್ಲಿ ಗಂಟೆಗೆ ಅರವತ್ತು ಕಿಲೋಮೀಟರು ಹೋಗುತ್ತಿತ್ತು, ಅಷ್ಟೆ. ಕುಮಟೆಯಿಂದ ಶಿರಸಿಗೆ ಬರುವ ದೇವಿಮನೆ ಘಟ್ಟದಲ್ಲಿ ಮೊದಲ ಗೇರಿನಲ್ಲಿ ತೆವಳಿತು, ನೀರು ಕುದಿಯಿತು. ‘ಮಾಸ್ತರ್ರ, ರೊಕ್ಕ ಸುರದೀನಿ, ಗಾಡಿ ಎಳೀವಲ್ದು ನೋಡ್ರಿ’ ಎಂದು ಅವರು ಹೇಳಿದಾಗ ದನಿಯಲ್ಲಿದ್ದದ್ದು ರೊಕ್ಕದ ಚಿಂತೆಯಷ್ಟೇ ಅಲ್ಲ. ತಂದೆಯ ಕಾರನ್ನು ತಾನೇ ಕೆಡಿಸಿದೆನೇನೋ ಎಂಬ ಅಳುಕು ಇತ್ತು. ಗುಜರಿಗೆ ಹಾಕೋಣವೆಂದು ಮಕ್ಕಳು ಆಗಲೇ ಹೇಳತೊಡಗಿದ್ದರು.

ಹಾವೇರಿಯ ಹಳೆಯ ರಸ್ತೆಯಲ್ಲಿ ಎಪ್ಪತ್ತು ದಾಟಿದ ಮಿಸ್ತ್ರಿಯೊಬ್ಬರಿದ್ದಾರೆ. ಹೆದ್ದಾರಿ ಚತುಷ್ಪಥವಾಗಿ ಊರ ಹೊರಗೆ ಹೋದ ಮೇಲೆ ಅವರ ಚಪ್ಪರದ ಮುಂದೆ ನಿಲ್ಲುವವರು ಕಡಿಮೆ. ಕಾರನ್ನು ಅಲ್ಲಿಗೆ ಒಯ್ದ ದಿನ ನಾನೂ ಜೊತೆಗಿದ್ದೆ. ಅವರು ಪಾನೆ ಮುಟ್ಟಲಿಲ್ಲ. ‘ಸಾವ್ಕಾರ್ರ, ಮೊದಲ ನ್ಯೂಟ್ರಲ್ ಮಾಡಿ ಸ್ವಲ್ಪ ನೂಕ್ರಿ’ ಎಂದರು. ಬ್ರೇಕು ಹಿಡಿದುಕೊಂಡಿದ್ದರೆ ಕೈಗೇ ತಿಳಿಯುತ್ತದೆ. ಕಾರು ಹಗುರವಾಗಿ ಉರುಳಿತು. ಆಮೇಲೆ ನನ್ನನ್ನು ಒಳಗೆ ಕೂರಿಸಿ ಆಕ್ಸಲರೇಟರನ್ನು ಪೂರ್ತಿ ತುಳಿಯಲು ಹೇಳಿ, ತಾವು ಕಾರ್ಬುರೇಟರಿನ ಬಾಯಿಯಲ್ಲಿ ಇಣುಕಿದರು. ಇಂಜಿನು ಇಳಿಸಿ ಏರಿಸುವಾಗ ಕೂಡುಕಂಬಿ ಒಂದಿಷ್ಟು ತಪ್ಪಿ ಕೂತರೆ, ಒಳಗೆ ಪೂರ್ತಿ ತುಳಿದರೂ ಹೊರಗೆ ಅರ್ಧ ಬಾಗಿಲು ತೆರೆದಿರುತ್ತದೆ. ಕಾಲ ಕೆಳಗೆ ಹೊಸದಾಗಿ ಹಾಸಿದ ದಪ್ಪ ಜಮಖಾನೆಯಿಂದ ಶಕ್ತಿ ಕಳೆದುಕೊಂಡ ಕಾರನ್ನೂ ಅವರು ಕಂಡಿದ್ದಾರಂತೆ! ಇಲ್ಲಿ ಬಾಗಿಲು ಸರಿಯಾಗಿಯೇ ತೆರೆಯಿತು. ಮೂರನೆಯ ಗೇರಿನಲ್ಲಿ ಒಂದು ಸುತ್ತು ಹೋಗಿಬಂದು, ಕ್ಲಚ್ಚು ಜಾರುತ್ತಿಲ್ಲವೆಂದರು: ಜಾರಿದ್ದರೆ ಇಂಜಿನಿನ ಸದ್ದು ಏರುತ್ತದೆ, ಕಾರು ಏರುವುದಿಲ್ಲ. ಸೈಲೆನ್ಸರಿನ ಬಾಲಕ್ಕೆ ಅಂಗೈ ಹಿಡಿದು ಗಾಳಿ ಸರಾಗವಾಗಿ ಬರುತ್ತಿದೆಯೇ ನೋಡಿದರು. ಇಲ್ಲಿಯವರೆಗೆ ಒಂದು ರೂಪಾಯಿಯ ಖರ್ಚಿಲ್ಲ.

ಈ ಕ್ರಮದಲ್ಲಿ ನಾಡಿನ ಐವತ್ತು ವರ್ಷಗಳ ಬಡತನ ಅಡಗಿದೆ. ಬಿಡಿಭಾಗ ಸಿಕ್ಕದ ಕಾಲದಲ್ಲಿ, ಬದಲಿಸಿ ನೋಡುವ ಐಷಾರಾಮ ಇಲ್ಲದವರು, ಖರ್ಚಿಲ್ಲದ ಪರೀಕ್ಷೆಯಿಂದ ಖರ್ಚಿನ ಪರೀಕ್ಷೆಯ ಕಡೆಗೆ ನಡೆಯುವುದನ್ನು ಕಲಿತರು.

ಆಮೇಲೆ ಪ್ಲಗ್ಗು ಬಿಚ್ಚಿದರು. ಕಿಡಿ ಹಂಚುವ ಸರದಿ ಫಿಯಟ್ಟಿನಲ್ಲಿ ಒಂದು, ಮೂರು, ನಾಲ್ಕು, ಎರಡು. ಎರಡು ತಂತಿ ಅದಲುಬದಲಾದರೂ ಇಂಜಿನು ಅರ್ಧ ಪ್ರಾಣದಲ್ಲಿ ಕೆಮ್ಮುತ್ತ ಓಡುತ್ತದೆ. ತಂತಿಗಳು ಸರಿಯಿದ್ದವು. ಪ್ಲಗ್ಗಿನ ತೂತಿಗೆ ಒತ್ತಡದ ಮಾಪಕವನ್ನು ಹಿಡಿದು ಒಂದೊಂದೇ ಸಿಲಿಂಡರನ್ನು ಅಳೆದರು. ಒಂದೇ ಸಿಲಿಂಡರಿನಲ್ಲಿ ಒತ್ತಡ ಕಡಿಮೆಯಾದರೆ ವಾಲ್ವು ಕೂತಿಲ್ಲ, ಅಥವಾ ಟ್ಯಾಪೆಟ್ಟನ್ನು ಬಿಗಿಯಾಗಿ ಇಟ್ಟು ವಾಲ್ವು ಪೂರ್ತಿ ಮುಚ್ಚುತ್ತಿಲ್ಲ. ಪಕ್ಕಪಕ್ಕದ ಎರಡರಲ್ಲಿ ಕಡಿಮೆಯಾದರೆ ನಡುವಿನ ಗ್ಯಾಸ್ಕೆಟ್ಟು ಹರಿದಿದೆ. ಫಿಯಟ್ಟಿನ ಹೆಡ್ಡು ಅಲ್ಯೂಮಿನಿಯಮ್ಮಿನದಾದ್ದರಿಂದ ಕಾಯ್ದರೆ ಬೇಗ ಸೊಟ್ಟಾಗುತ್ತದೆ. ಈ ಕಾರಿನಲ್ಲಿ ನಾಲ್ಕೂ ಕಡಿಮೆ, ನಾಲ್ಕೂ ಸಮ. ಇದು ವಿಚಿತ್ರ. ಪ್ಲಗ್ಗಿನ ತೂತಿನಿಂದ ಪ್ರತಿಯೊಂದಕ್ಕೂ ಒಂದು ಚಮಚೆಯಷ್ಟು ಇಂಜಿನ್ ಎಣ್ಣೆ ಬಿಟ್ಟು ಮತ್ತೆ ಅಳೆದರು. ರಿಂಗಿನ ಸಂದಿನಿಂದ ಗಾಳಿ ಸೋರುತ್ತಿದ್ದರೆ ಎಣ್ಣೆ ಆ ಸಂದನ್ನು ಮುಚ್ಚಿ ಒತ್ತಡ ಏರಬೇಕು. ಏರಲಿಲ್ಲ. ‘ಬೋರ್ ಚಲೋ ಐತ್ರಿ. ಉಸಿರ ತಗೊಳ್ಳೂ ಹೊತ್ತ ತಪ್ಪೇತಿ’ ಎಂದರು. ರಾಣೆಬೆನ್ನೂರಿನಲ್ಲಿ ಕೊರೆದವನು ಆ ಒಂದು ಮಾತಿನಲ್ಲಿ ಖುಲಾಸೆಯಾದ.

‘ಉಸಿರಿನ ಹೊತ್ತು’ ಎಂದರೇನೆಂದು ವಾಚಕರಿಗೆ ಸ್ವಲ್ಪ ಬಿಡಿಸಿ ಹೇಳಬೇಕು. ಕ್ರ್ಯಾಂಕು ಎರಡು ಸುತ್ತು ತಿರುಗುವಾಗ ವಾಲ್ವುಗಳನ್ನು ತೆರೆದು ಮುಚ್ಚುವ ಕ್ಯಾಮು ಒಂದು ಸುತ್ತು ತಿರುಗುತ್ತದೆ. ಎರಡನ್ನೂ ಒಂದು ಸರಪಳಿ ಕೂಡಿಸಿದೆ. ದೊಡ್ಡ ಹಲ್ಲುಗಾಲಿಗೆ 36 ಹಲ್ಲುಗಳೆಂದು ಇಟ್ಟುಕೊಂಡರೆ, ಸರಪಳಿ ಒಂದೇ ಹಲ್ಲು ತಪ್ಪಿ ಕೂತರೂ ವಾಲ್ವುಗಳು ಕ್ರ್ಯಾಂಕಿನ 20 ಡಿಗ್ರಿಯಷ್ಟು ಹೊತ್ತು ತಪ್ಪುತ್ತವೆ. ನಿಮಿಷಕ್ಕೆ 4800 ಸುತ್ತಿನ ವೇಗದಲ್ಲಿ ಅದು ಒಂದು ಸೆಕೆಂಡಿನ ಸಾವಿರದ ಒಂದು ಪಾಲಿಗಿಂತಲೂ ಕಡಿಮೆ. ಅಷ್ಟು ತಡವಾದರೆ ಸಾಕು. ಪಿಸ್ಟನ್ನು ಒತ್ತಲು ಮೇಲೇರುವಾಗ ಒಳಸೇದುವ ವಾಲ್ವು ಇನ್ನೂ ತೆರೆದಿರುತ್ತದೆ, ಎಳೆದುಕೊಂಡ ಉಸಿರಿನಲ್ಲಿ ಒಂದಂಶ ಬಂದ ದಾರಿಯಲ್ಲೇ ಹೊರಗೆ ಹೋಗುತ್ತದೆ. ಒತ್ತಡ ಕುಗ್ಗುತ್ತದೆ, ನಾಲ್ಕರಲ್ಲೂ ಸಮನಾಗಿ. ನಿಧಾನದ ವೇಗದಲ್ಲಿ, ಏರಿನಲ್ಲಿ, ಎಳೆಯಬೇಕಾದಾಗಲೇ ಕೈಕೊಡುತ್ತದೆ.

ಮಿಸ್ತ್ರಿಗೆ ಮೊದಲ ಸಂಶಯ ಬಂದದ್ದು ಮಾಪಕದಿಂದಲ್ಲವಂತೆ. ಬಾನೆಟ್ಟು ಎತ್ತಿದಾಗಲೇ ಡೆಲ್ಕೊದ ಮುಖ ಯಾವಾಗಲೂ ನೋಡುವ ದಿಕ್ಕಿಗೆ ನೋಡುತ್ತಿರಲಿಲ್ಲ. ಡೆಲ್ಕೊವನ್ನು ತಿರುಗಿಸುವುದೂ ಆ ಕ್ಯಾಮೇ. ಕ್ಯಾಮು ತಡವಾದರೆ ಕಿಡಿಯೂ ತಡ. ಜೋಡಿಸಿದವರು ಕಿಡಿಯ ತಪ್ಪನ್ನು ಕಿವಿಯಿಂದ ಗುರುತಿಸಿ, ಡೆಲ್ಕೊವನ್ನು ಕೈಯಿಂದ ಹೊರಳಿಸಿ ಕಿಡಿಯನ್ನು ಮಾತ್ರ ಸರಿಮಾಡಿದ್ದರು. ಅದರಿಂದ ಇಂಜಿನು ನಯವಾಗಿ ಓಡಿತು. ನಯವಾಗಿ ಓಡಿದ್ದರಿಂದಲೇ ಮೂಲದ ತಪ್ಪು ಮುಚ್ಚಿಹೋಯಿತು.

ಮುಂದಿನ ಮುಚ್ಚಳ ಬಿಚ್ಚಿ ಸೀಮೆಎಣ್ಣೆಯಲ್ಲಿ ತೊಳೆದಾಗ ಹಲ್ಲುಗಾಲಿಯ ಮೇಲೆ ಕಂಡದ್ದು ಎರಡು ಗುರುತು. ಒಂದು ಕಾರ್ಖಾನೆಯದು, ತೆಳ್ಳಗೆ, ಜಿಡ್ಡಿನಲ್ಲಿ ಹೂತದ್ದು. ಇನ್ನೊಂದು ಅದರಿಂದ ಒಂದು ಹಲ್ಲಿನಾಚೆ, ಸೆಂಟರ್ ಪಂಚಿನಿಂದ ಯಾರೋ ಹೊಡೆದ ಆಳವಾದ ಚುಕ್ಕೆ. ಈ ಸಲ ಜೋಡಿಸಿದ ಹುಡುಗ ಎದ್ದು ಕಾಣುವ ಚುಕ್ಕೆಯನ್ನೇ ನಂಬಿದ್ದ. ಹಾಗಾದರೆ ಹಿಂದಿನವನು ತಪ್ಪು ಗುರುತನ್ನು ಏಕೆ ಹೊಡೆದ? ನಾನು ಹೀಗೆ ಕೇಳಿದ್ದಕ್ಕೆ ಮಿಸ್ತ್ರಿ ತಲೆಯಲ್ಲಾಡಿಸಿದರು. ‘ಇದು ತಪ್ಪ ಗುರುತಲ್ರಿ ಮಾಸ್ತರ್ರ. ಇದರ ಜೋಡಿ ಗುರುತು ಹೋಗೇತಿ.’

ಸಂಗತಿ ಹೀಗೆ. ಪುಸ್ತಕವಿಲ್ಲದ ಕಾಲದ ಮಿಸ್ತ್ರಿಗಳು ಇಂಜಿನನ್ನು ಬಿಚ್ಚುವಾಗ, ಅದು ಯಾವ ಭಂಗಿಯಲ್ಲಿ ನಿಂತಿದೆಯೋ ಅದೇ ಭಂಗಿಯಲ್ಲಿ ಸರಪಳಿಯ ಒಂದು ಕೊಂಡಿಗೂ ಅದರ ಕೆಳಗಿನ ಹಲ್ಲಿಗೂ ಒಂದೊಂದು ಚುಕ್ಕೆ ಹೊಡೆಯುತ್ತಿದ್ದರು. ಮರಳಿ ಜೋಡಿಸುವಾಗ ಚುಕ್ಕೆಗೆ ಚುಕ್ಕೆ ಕೂಡಿಸಿದರೆ ಮುಗಿಯಿತು. ಮೊದಲ ಬೋರಿನ ಸಲ ಹಾಗೆಯೇ ಮಾಡಿದ್ದಾರೆ. ಕಾರು ಮುಂದೆ ವರ್ಷಾನುಗಟ್ಟಲೆ ಘಟ್ಟ ಏರಿದೆ. ಎರಡನೆಯ ಸಲ ಸವೆದ ಸರಪಳಿಯನ್ನು ಎಸೆದು ಹೊಸದನ್ನು ಹಾಕಿದರು. ಚುಕ್ಕೆಯ ಜೊತೆಗಾರ ಹಳೆಯ ಸರಪಳಿಯ ಸಂಗಡ ಗುಜರಿಗೆ ಹೋಯಿತು. ಉಳಿದ ಅರ್ಧ ಗುರುತನ್ನು ಪೂರ್ತಿ ಗುರುತೆಂದು ಓದಿದ್ದೇ ರೋಗ.

ಕನ್ನಡ ಪಾಠ ಹೇಳುವ ನನಗೆ ಇಲ್ಲಿ ಶಾಸನಗಳ ನೆನಪಾಗದೆ ಇರಲಿಲ್ಲ. ಹಾವೇರಿಯ ಸುತ್ತಮುತ್ತ ಶಾಸನಗಳಿಗೆ ಬಡತನವಿಲ್ಲ; ಒಡೆದ ಕಲ್ಲಿನ ಒಂದು ತುಂಡನ್ನು ಓದಿ ದಾನ ಕೊಟ್ಟವನನ್ನು ದಾನ ಪಡೆದವನೆಂದು ಹೇಳುವ ಅಪಾಯ ಆ ವಿದ್ಯೆಯನ್ನು ಬಲ್ಲವರಿಗೆ ಗೊತ್ತು. ನನ್ನ ಕಣ್ಣೆದುರೇ ಮಿಸ್ತ್ರಿ ಅರ ತೆಗೆದುಕೊಂಡು ಆ ಚುಕ್ಕೆಯನ್ನು ಉಜ್ಜಿ ಅಳಿಸಿದಾಗ ಮನಸ್ಸಿಗೆ ಕಸಿವಿಸಿಯಾಯಿತು. ಅವರಿಗೆ ಆಗಲಿಲ್ಲ. ಮುಂದಿನವನು ಮೋಸಹೋಗಬಾರದೆಂಬುದಷ್ಟೇ ಅವರ ಯೋಚನೆ. ಕಾರ್ಖಾನೆಯ ಗುರುತಿಗೆ ಗುರುತು ಕೂಡಿಸಿ ಮುಚ್ಚಳ ಹಾಕಿದರು; ಡೆಲ್ಕೊ ತನ್ನ ಹಳೆಯ ದಿಕ್ಕಿಗೆ ಮುಖ ಮಾಡಿತು; ನಾಲ್ಕೂ ಸಿಲಿಂಡರುಗಳ ಒತ್ತಡ ಏರಿತು. ಮೋಟೆಬೆನ್ನೂರಿನವರೆಗೆ ಹೋಗಿಬಂದಾಗ ಕಾರು ಕಾರಿನಂತಿತ್ತು.

ಪೂರ್ತಿ ಅಲ್ಲ. ಆಕ್ಸಲರೇಟರನ್ನು ಒಮ್ಮೆಲೇ ತುಳಿದರೆ ಒಂದು ಕ್ಷಣ ಮುಗ್ಗರಿಸುತ್ತಿತ್ತು. ಇದಕ್ಕೆ ಕಾರಣ ಇಂಜಿನ್ ಕೆಲಸವಲ್ಲ, ಪೆಟ್ರೋಲು. ಮೊದಲ ಬೋರಿನ ಕಾಲಕ್ಕೆ ಬಂಕಿನಲ್ಲಿ ಸಿಗುತ್ತಿದ್ದದ್ದು ಸೀಸ ಬೆರೆಸಿದ ಪೆಟ್ರೋಲು. 2000ದ ಫೆಬ್ರುವರಿಯಿಂದ ಅದು ದೇಶದಲ್ಲೆಲ್ಲ ನಿಂತಿತು. 2023ರಿಂದ ನೂರಕ್ಕೆ ಇಪ್ಪತ್ತು ಪಾಲು ಎಥನಾಲ್ ಬೆರೆತ ಪೆಟ್ರೋಲು ಬರತೊಡಗಿತು. ಎಥನಾಲಿನಲ್ಲಿರುವ ಕಾವು ಪೆಟ್ರೋಲಿನದರ ಮೂರರಲ್ಲಿ ಎರಡು ಪಾಲು. ಹಾಗಾಗಿ ಈ ಮಿಶ್ರಣದ ಪ್ರತಿ ಲೀಟರಿನಲ್ಲಿ ನೂರಕ್ಕೆ ಆರೇಳು ಪಾಲು ಶಕ್ತಿ ಮೊದಲೇ ಕಡಿಮೆ. ಉರಿಯಲು ಅದಕ್ಕೆ ಬೇಕಾದ ಗಾಳಿಯೂ ಕಡಿಮೆ. ಹೊಸ ಕಾರುಗಳು ಹೊಗೆಯನ್ನು ತಾವೇ ಅಳೆದು ಪೆಟ್ರೋಲಿನ ಅಳತೆಯನ್ನು ತಿದ್ದಿಕೊಳ್ಳುತ್ತವೆ. ಫಿಯಟ್ಟಿನ ಸೋಲೆಕ್ಸ್ ಕಾರ್ಬುರೇಟರಿನಲ್ಲಿ ಇರುವುದು ಹಿತ್ತಾಳೆಯ ಒಂದು ಜೆಟ್ಟು, ಅದರಲ್ಲೊಂದು ತೂತು. ಆ ತೂತು ಹಳೆಯ ಪೆಟ್ರೋಲಿನ ಅಳತೆಯದು. ಹೊಸ ಮಿಶ್ರಣ ಅದರಲ್ಲಿ ತೆಳ್ಳಗಾಗಿ ಬರುತ್ತದೆ. ಮೇಲಾಗಿ ಪಂಪಿನ ಹಳೆಯ ರಬ್ಬರನ್ನು ಮೆತ್ತಗೆ ಮಾಡುತ್ತದೆ, ಟ್ಯಾಂಕಿನ ತಳದಲ್ಲಿ ಕೂತ ಕಸವನ್ನು ಎಬ್ಬಿಸಿ ಜೆಟ್ಟಿಗೆ ತರುತ್ತದೆ. ಇಂಜಿನ್ ಕೆಲಸ ಮಾಡಿಸಲೆಂದು ಆರು ತಿಂಗಳು ನಿಂತ ಕಾರಿಗೆ ಹೊಸ ಪೆಟ್ರೋಲು ತುಂಬಿಸಿ ಹೊರಟವನು ಈ ದೋಷವನ್ನೂ ಮಿಸ್ತ್ರಿಯ ಲೆಕ್ಕಕ್ಕೇ ಬರೆಯುತ್ತಾನೆ.

ಆ ಎಥನಾಲು ಕಬ್ಬಿನಿಂದ ಮಾತ್ರವಲ್ಲದೆ ಗೋವಿನಜೋಳದಿಂದಲೂ ಬರುತ್ತದೆ. ಹಾವೇರಿ ಜಿಲ್ಲೆಯ ಹೊಲಗಳಲ್ಲಿ ಗೋವಿನಜೋಳಕ್ಕೆ ಕೊರತೆಯಿಲ್ಲ. ಈ ವಿಷಯ ತಿಳಿಸಿದಾಗ ಮಿಸ್ತ್ರಿ ನಕ್ಕರು. ‘ಮೊದಲ ಎತ್ತು ತಿಂತಿದ್ದುವು, ಈಗ ಗಾಡೀನೂ ಕಾಳ ತಿನ್ನಾಕ ಹತ್ತೇತಿ ಅನ್ರಿ.’ ಒಂದು ಅಳತೆ ದೊಡ್ಡದಾದ ಜೆಟ್ಟು ಹಾಕಿ, ಪಂಪಿನ ರಬ್ಬರು ಬದಲಿಸಿ, ಟ್ಯಾಂಕು ತೊಳೆಸಿದರು. ಬಿಲ್ಲಿನಲ್ಲಿ ಹೆಚ್ಚಿನ ಪಾಲು ಟ್ಯಾಂಕಿನದೇ ಇತ್ತು. ಹಲ್ಲುಗಾಲಿಯ ಗುರುತನ್ನು ಓದಿದ್ದಕ್ಕೆ ಪ್ರತ್ಯೇಕ ಕೂಲಿ ಹಾಕಿರಲಿಲ್ಲ.

ಆ ಗ್ಯಾರೇಜಿನಲ್ಲಿ ಈಗ ಕಲಿಯುವ ಹುಡುಗರಿಲ್ಲ. ಕಂಪ್ಯೂಟರಿನ ತಂತಿ ಚುಚ್ಚಿ ದೋಷದ ಸಂಖ್ಯೆಯನ್ನು ಓದುವ ಕೆಲಸಕ್ಕೆ ಅವರು ಹೋಗಿದ್ದಾರೆ. ಅದರಲ್ಲಿ ತಪ್ಪೇನೂ ಇಲ್ಲ, ಸಂಬಳವೂ ಅಲ್ಲಿಯೇ ಇದೆ. ಆದರೆ ಪದ್ಮಿನಿಗೆ ತಂತಿ ಚುಚ್ಚುವ ತೂತೇ ಇಲ್ಲ. ಮುಂಬಯಿಯ ರಸ್ತೆಗಳಿಂದ ಕೊನೆಯ ಫಿಯಟ್ ಟ್ಯಾಕ್ಸಿ 2023ರ ಅಕ್ಟೋಬರಿನಲ್ಲಿ ನಿವೃತ್ತವಾಯಿತು. ಇನ್ನು ಇವು ಉಳಿಯುವುದು ಬ್ಯಾಡಗಿಯಂಥ ಊರಿನ ಪಡಸಾಲೆಗಳಲ್ಲಿ.

ಅಂಥ ಕಾರುಗಳಿಗೆಂದೇ ಕೇಂದ್ರ ಸರಕಾರ 2021ರಲ್ಲಿ ಹೊಸ ನಿಯಮ ಮಾಡಿದೆ. ಐವತ್ತು ವರ್ಷ ದಾಟಿದ ಕಾರನ್ನು ಪುರಾತನ ವಾಹನವೆಂದು ಬೇರೆ ಫಲಕ ಕೊಟ್ಟು ನೋಂದಾಯಿಸಬಹುದು. ಬ್ಯಾಡಗಿಯ ಈ ಕಾರಿಗೆ ಐವತ್ತು ತುಂಬುವುದು 2028ರಲ್ಲಿ. ಆದರೆ ನಿಯಮಕ್ಕೆ ಒಂದು ಷರತ್ತಿದೆ: ವಾಹನ ಮೂಲರೂಪದಲ್ಲಿರಬೇಕು, ಚಾಸಿಯಲ್ಲಾಗಲಿ, ಮೈಯಲ್ಲಾಗಲಿ, ಇಂಜಿನಿನಲ್ಲಾಗಲಿ ಮಾರ್ಪಾಟಾಗುವಷ್ಟು ದೊಡ್ಡ ದುರಸ್ತಿ ಆಗಿರಬಾರದು. ಎರಡು ಸಲ ಕೊರೆದ ಸಿಲಿಂಡರು ಮೂಲರೂಪವೋ ಮಾರ್ಪಾಟೋ ಎಂದು ಮಾಲೀಕರು ನನ್ನನ್ನು ಕೇಳುತ್ತಿದ್ದಾರೆ. ಈ ರಸ್ತೆಯ ಮೇಲೆ ಕೊರೆಸದೆ ಐವತ್ತು ವರ್ಷ ಬದುಕಿದ ಫಿಯಟ್ಟನ್ನು ನಾನು ಕಂಡಿಲ್ಲವೆಂದು ಹೇಳಿದ್ದೇನೆ.